ಮಲಗಿಸಿದ ಬೆಂಕಿ

ಚಳಿ ಹಿಂದೆ ಸರಿಯುವ ಹೊತ್ತಿಗೆ ನಮ್ಮ ಕಡೆಯ ಗುಡ್ಡಗಳಲ್ಲಿ ವರ್ಷವೂ ಒಂದೆರಡು ಕಡೆ ಹುಲ್ಲು ಸುಡುತ್ತದೆ. ಬಾದಾಮಿಯಿಂದ ಹುನಗುಂದದ ಕಡೆಗೆ ಬಸ್ಸಿನಲ್ಲಿ ಬರುವವರು ಕಿಟಕಿಯಿಂದ ನೋಡುತ್ತಾರೆ. ನಿನ್ನೆ ಬಂಗಾರದ ಬಣ್ಣಕ್ಕಿದ್ದ ಇಳಿಜಾರು ಇವತ್ತು ಕಪ್ಪಗೆ ಬಿದ್ದಿರುತ್ತದೆ. ಯಾರು ಹಚ್ಚಿದರು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ. ಯಾರೋ ಬೀಡಿ ಸೇದಿ ಒಗೆದಿರಬೇಕು. ಆ ಯಾರೋ ಇದುವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ. ಅದು ನಾನೇ ಎಂದು ಮುಂದೆ ಬಂದು ಹೇಳಿದವರೂ ಇಲ್ಲ.

ಹಾಗೆ ಹೇಳಿಕೊಂಡ ಒಂದೇ ಒಂದು ಮನೆಯವರ ಕಥೆ ಇದು.

ನಾಗಲಿಂಗ ಹುನಗುಂದದ ಕೋರ್ಟಿನಲ್ಲಿ ಬೆರಳಚ್ಚುಗಾರ. ಬೆಳಗಿನಿಂದ ಸಂಜೆಯವರೆಗೆ ಅವನ ಕಿವಿಗೆ ಬೀಳುವುದು ಮಾತು, ಬೆರಳಿನಿಂದ ಇಳಿಯುವುದೂ ಮಾತು. ಹೊಲದ ಬದುವಿನ ಮಾತು, ಅಣ್ಣತಮ್ಮಂದಿರ ಪಾಲಿನ ಮಾತು, ಸಾಕ್ಷಿ ಹೇಳುವವರ ಮಾತು, ಅದನ್ನು ಸುಳ್ಳೆನ್ನುವವರ ಮಾತು. ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಕೂತರೆ ಅವನು ಬಹಳ ಹೊತ್ತು ಬಾಯಿ ತೆರೆಯುತ್ತಿರಲಿಲ್ಲ. ಹೆಂಡತಿ ಸುನಂದಾ ಅದಕ್ಕೆ ಒಗ್ಗಿಹೋಗಿದ್ದಳು. ಚಹಾದ ಬಟ್ಟಲು ಪಕ್ಕಕ್ಕಿಟ್ಟು ತನ್ನ ಪಾಡಿಗೆ ತಾನು ಒಳಗೆ ಹೋಗುತ್ತಿದ್ದಳು.

ಎರಡು ವರ್ಷದ ಹಿಂದೆ ಅವನು ಒಂದು ಹಳೆಯ ಜೀಪು ಕೊಂಡ. ಅಂದಿನಿಂದ ತಿಂಗಳಿಗೊಂದು ಶನಿವಾರ ಅವನು ಟೆಂಟು, ನೀರಿನ ಕ್ಯಾನು, ಹಾಸಿಗೆ ಹೇರಿಕೊಂಡು ಹೊರಡುತ್ತಿದ್ದ. ಲಾಡ್ಜು ಬೇಡ, ಯಾತ್ರಿನಿವಾಸ ಬೇಡ. ಡಾಂಬರು ರಸ್ತೆ ಬಿಟ್ಟು ಬಂಡಿ ಜಾಡು ಹಿಡಿದು, ಜಾಡೂ ಮುಗಿದ ಮೇಲೆ ಕಲ್ಲುಗಳ ನಡುವೆ ತಡಕಾಡುತ್ತ ಹೋಗಿ, ಒಂದು ದೀಪವೂ ಕಾಣದಂಥ ಜಾಗದಲ್ಲಿ ನಿಲ್ಲಿಸುತ್ತಿದ್ದ. ಇಂಜಿನ್ ಆರಿಸಿದ ಮೇಲೆ ಬರುವ ಮೊದಲ ಗಳಿಗೆಯ ಮೌನಕ್ಕಾಗಿಯೇ ಅವನು ಅಷ್ಟು ದೂರ ಬರುತ್ತಿದ್ದದ್ದು. ಆ ಮೌನದಲ್ಲಿ ಕೂತರೆ ತನ್ನ ಉಸಿರು ಕೇಳುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ಕೂತರೆ ಗುಡ್ಡದ ಉಸಿರೂ ಕೇಳಿದ ಹಾಗೆ ಆಗುತ್ತಿತ್ತು.

ಈ ಸಲ ಅವನ ತಾಯಿ ಗುರುಲಿಂಗವ್ವ ತಾನೂ ಬರುತ್ತೇನೆ ಎಂದು ಹಟ ಹಿಡಿದಳು. ಎಪ್ಪತ್ತು ದಾಟಿದ ಜೀವ. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಹಸಿರು ಅಂಚಿನ ಇಳಕಲ್ ಸೀರೆ.

“ಮನಿ ಇದ್ದೂ ಬಯಲಾಗ ಮಲಗೂವಂಥಾ ಸುಖಾ ಅಲ್ಲೇನೈತಿ ಅಂತ ನಾನೂ ನೋಡತೇನಿ,” ಎಂದಳು.

ಬರುವುದಷ್ಟೇ ಅಲ್ಲ, ಒಲೆಗೆಂದು ಅರ್ಧ ಚೀಲ ಸಗಣಿಯ ಕುಳ್ಳು, ಜೋಳದ ಹಿಟ್ಟು, ಕಬ್ಬಿಣದ ಹಂಚು ಇಷ್ಟನ್ನೂ ಜೀಪಿಗೆ ಹಾಕಿಸಿದಳು. ಸಣ್ಣ ಗ್ಯಾಸ್ ಒಲೆ ಇದೆ ಎಂದು ಸುನಂದಾ ಹೇಳಿ ನೋಡಿದಳು. ಗ್ಯಾಸಿನ ಮೇಲೆ ಬೆಂದ ರೊಟ್ಟಿ ರೊಟ್ಟಿಯೇ ಅಲ್ಲ ಎಂದು ಅತ್ತೆ ಆ ಮಾತನ್ನು ಅಲ್ಲಿಗೇ ಮುಗಿಸಿದಳು.

ಅಮೀನಗಡ ದಾಟಿ ಬಾದಾಮಿಯ ಕಡೆಗೆ ಬಹಳ ದೂರ ಹೋದ ಮೇಲೆ ಅವರು ರಸ್ತೆ ಬಿಟ್ಟರು. ಅದು ಪಕ್ಕದ ಹಳ್ಳಿಯವರು ದನ ಕುರಿ ಮೇಯಿಸುವ ಗುಡ್ಡ. ಕೆಂಪು ಬಂಡೆಗಳ ನಡುವೆ ಮೊಣಕಾಲೆತ್ತರದ ಒಣ ಹುಲ್ಲು, ಅಂದರೆ ಕರಡ, ಇಳಿಜಾರಿನ ತುಂಬ ಹಬ್ಬಿತ್ತು. ಗಾಳಿ ಬಂದಾಗ ಅದರ ಮೇಲೆ ಯಾರೋ ಅಂಗೈ ಆಡಿಸಿದ ಹಾಗೆ ಹುಲ್ಲು ಒಮ್ಮೆ ಬಾಗಿ ಮತ್ತೆ ಏಳುತ್ತಿತ್ತು. ನಾಗಲಿಂಗ ಒಂದು ಹಾಸುಬಂಡೆಯ ಪಕ್ಕ ಜೀಪು ನಿಲ್ಲಿಸಿದ. ಬಂಡೆಯ ಮೇಲೆ ಟೆಂಟು. ಬಂಡೆ ಮುಗಿದು ಹುಲ್ಲು ಶುರುವಾಗುವ ಅಂಚಿನಲ್ಲಿ, ಗಾಳಿಗೆ ಮರೆಯಾಗುತ್ತದೆ ಎಂದು, ಗುರುಲಿಂಗವ್ವ ಮೂರು ಕಲ್ಲು ಹೂಡಿದಳು.

ಹೊತ್ತು ಮುಳುಗುವಾಗ ಹೊಗೆ ಕಂಡು ಒಬ್ಬ ಹೆಂಗಸು ಬಂದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಅವಳ ಹೆಸರು ಸಾವಿತ್ರೆವ್ವ. ಇದೇ ಇಳಿಜಾರಿನಲ್ಲಿ, ಪಡುವಣ ಬದಿಗೆ, ಒಂದು ಕೂಗಿನ ದೂರದಲ್ಲಿ ಅವಳ ಕುರಿಹಟ್ಟಿ ಇತ್ತು. ಬಂದವಳು ಮೊದಲು ಒಲೆ ನೋಡಿದಳು, ಆಮೇಲೆ ಮನುಷ್ಯರನ್ನು.

ಸ್ವಲ್ಪ ಹೊತ್ತಿಗೆಲ್ಲ ಇಬ್ಬರು ಮುದುಕಿಯರೂ ಮಾತಿಗೆ ಬಿದ್ದರು. ತವರು ಯಾವುದು, ಮಕ್ಕಳೆಷ್ಟು, ಮೊಣಕಾಲು ಯಾವ ಬದಿಯದು ನೋಯುತ್ತದೆ, ಎಲ್ಲ ವಿಚಾರಣೆಯಾಯಿತು. ಗಂಡನ ಹೆಸರು ಕೇಳಿದರೆ ಸಾವಿತ್ರೆವ್ವ ಹೇಳಲೊಲ್ಲಳು. ಒಡಪಿನ ಪದ್ಯದಲ್ಲಿ ಸೇರಿಸಿಯಾದರೂ ಹೇಳು ಎಂದು ಗುರುಲಿಂಗವ್ವ ಬಿಡದೆ ಕಾಡಿ, ಅಮಸಿದ್ದಪ್ಪ ಎಂಬ ಹೆಸರು ಹೊರಡಿಸಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಬಿಸಿ ರೊಟ್ಟಿಯ ಮೇಲೆ ಚಟ್ನಿ ಹಾಕಿ ಅವಳ ಕೈಗಿಟ್ಟಳು.

ರೊಟ್ಟಿ ತಿಂದು ಮುಗಿಸಿ ಸಾವಿತ್ರೆವ್ವ ನಾಗಲಿಂಗನ ಕಡೆ ತಿರುಗಿದಳು.

“ತಮ್ಮಾ, ಮಲಗಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ. ಆದ್ರ ಈ ಕರಡ ನೋಡು. ಬ್ಯಾಸಗಿ ಮುಗದು ಮಿರಗದ ಮಳಿ ಬೀಳೂತನಕ ನಮ್ಮ ಅರವತ್ತ ಕುರಿ ಇದರ ಮ್ಯಾಲ ಬದುಕಬೇಕು. ಇದು ಹೋತಂದ್ರ ಹೊಡಕೊಂಡು ಹೋಗಾಕ ನಮಗ ಬ್ಯಾರೆ ಗುಡ್ಡಿಲ್ಲ.”

ಹುಟ್ಟಿ ವಾರವೂ ಆಗದ ಹದಿನೆಂಟು ಮರಿಗಳಿವೆ ಎಂದೂ ಅವಳು ಹೇಳಿದಳು. ಹಗಲು ತಾಯಿಕುರಿಗಳು ಮೇಯಲು ಹೋದಾಗ ಮರಿಗಳು ಬಲೆ ಕಟ್ಟಿದ ಹಟ್ಟಿಯೊಳಗೇ ಇರುತ್ತವೆ. ಅವಕ್ಕೆ ಇನ್ನೂ ನೆಟ್ಟಗೆ ಓಡಲೂ ಬಾರದು.

“ಕುಳ್ಳಿನ ಬೆಂಕಿ ಲಗೂನ ಸಾಯಂಗಿಲ್ಲ. ಮುಂಜಾನಿ ನೀರ ಹಾಕಿ ಕಲಸ್ರಿ. ಹೋಗೂ ಮುಂದ ನನಗೊಂದು ಕೂಗ ಹಾಕು. ನಾ ಬಂದು ಒಲಿ ನೋಡತೇನಿ, ಆಮ್ಯಾಲ ಹೋಗ್ರಿ.”

ನಾಗಲಿಂಗ ತಲೆಯಾಡಿಸಿದ. ಅವಳು ಕತ್ತಲಾಗುವ ಮೊದಲೇ ಹುಲ್ಲಿನ ನಡುವಿನ ಕಾಲುದಾರಿಯಲ್ಲಿ ಕರಗಿಹೋದಳು.

ಆ ರಾತ್ರಿ ಮೂವರೂ ಟೆಂಟಿನ ಹೊರಗೇ ಹಾಸಿಕೊಂಡರು. ನಕ್ಷತ್ರಗಳು ಕೆಳಗಿಳಿದು ಬಂದಂತಿದ್ದವು. ಗುರುಲಿಂಗವ್ವ ಚಿಕ್ಕವಳಿದ್ದಾಗ ಕಣದಲ್ಲಿ ಮಲಗುತ್ತಿದ್ದುದನ್ನು ಹೇಳತೊಡಗಿ, ಅರ್ಧಕ್ಕೆ ನಿಲ್ಲಿಸಿ, ನಿದ್ದೆ ಹೋದಳು. ಪಡುವಣದಲ್ಲೆಲ್ಲೋ ಒಂದು ಮರಿ ಕನಸಿನಲ್ಲಿ ಕೂಗಿದ ಹಾಗೆ ಒಮ್ಮೆ ಕೂಗಿ ಸುಮ್ಮನಾಯಿತು. ಗುಡ್ಡವೆಂಬುದು ಒಂದು ದೊಡ್ಡ ಪ್ರಾಣಿ, ತಮ್ಮನ್ನು ಬೆನ್ನ ಮೇಲೆ ಹೊತ್ತು ಬಹಳ ನಿಧಾನವಾಗಿ ಎಲ್ಲಿಗೋ ನಡೆಯುತ್ತಿದೆ ಎಂದು ನಾಗಲಿಂಗನಿಗೆ ಅನ್ನಿಸಿತು. ಎಲ್ಲಿಗೆ ಎಂದು ಕೇಳುವ ಮನಸ್ಸಾಗಲಿಲ್ಲ.

ಬೆಳಿಗ್ಗೆ ಚಹಾ ಆಯಿತು, ಬುತ್ತಿಗೆ ನಾಲ್ಕು ರೊಟ್ಟಿಯೂ ಆದವು. ಹಾಸಿಗೆ ಸುತ್ತಿ ಟೆಂಟು ಮಡಚಿದರು. ಇಪ್ಪತ್ತು ಲೀಟರಿನ ಒಂದು ಕ್ಯಾನು ಮುಟ್ಟದೆ ಹಾಗೇ ಉಳಿದಿತ್ತು. ಸುನಂದಾ ಅದನ್ನು ಒಲೆಯ ಹತ್ತಿರ ಎಳೆದು ತಂದು ಮುಚ್ಚಳ ತಿರುವಿದಳು.

ಗುರುಲಿಂಗವ್ವ ಅವಳ ಕೈ ಹಿಡಿದಳು. “ಏನ ಮಾಡಾಕತ್ತೀ?”

“ನೀರ ಹಾಕತೇನ್ರಿ ಅತ್ತಿ. ನಿನ್ನಿ ಆ ಯವ್ವ ಹೇಳಿದ್ಲಲ್ಲ.”

“ಉಂಡ ಒಲಿಗೆ ನೀರ ಸುರೀತಾರೇನ? ಅದು ಮನಿ ಕೆಟ್ಟಾಗ ಮಾಡೂ ಕೆಲಸ. ಐವತ್ತ ವರ್ಷ ಒಲಿ ಮುಂದ ಕುಂತೇನಿ, ಒಂದ ದಿನ ನೀರ ಹಾಕಿಲ್ಲ.”

ಅದು ನಿಜವೇ. ಹಳೆಯ ಮನೆಯಲ್ಲಿ ಗ್ಯಾಸು ಬರುವ ಮೊದಲು ಗುರುಲಿಂಗವ್ವ ದಿನವೂ ಸಂಜೆ ಅಡುಗೆ ಮುಗಿದ ಮೇಲೆ ಕೆಂಡಗಳನ್ನು ಒಟ್ಟಿ, ಮೇಲೆ ಬೂದಿ ಮುಚ್ಚಿ, ಒಲೆಗೆ ಕೈಮುಗಿದು ಏಳುತ್ತಿದ್ದಳು. ಅದನ್ನು ಅವಳು ಬೆಂಕಿ ಮಲಗಿಸುವುದು ಎನ್ನುತ್ತಿದ್ದಳು. ಬೆಳಿಗ್ಗೆ ಬೂದಿ ಸರಿಸಿ ಊದಿದರೆ ಬೆಂಕಿ ಏಳುತ್ತಿತ್ತು. ಕಡ್ಡಿ ಗೀರುವ ಕೆಲಸವೇ ಇರಲಿಲ್ಲ. ಈಗಲೂ ಹಾಗೇ ಮಾಡಿದಳು. ಕೆಂಡಗಳನ್ನೂ ಅರೆಬೆಂದ ಕುಳ್ಳುಗಳನ್ನೂ ನಡುವಿಗೆ ಒಟ್ಟಿದಳು. ಬೂದಿ ಎಳೆದಳು. ಅದರ ಮೇಲೆ ಎರಡು ಬೊಗಸೆ ಉಸುಕು ಹಾಕಿ, ಮಗುವಿಗೆ ಕೌದಿ ಹೊದಿಸಿದವಳ ಹಾಗೆ ಮೆಲ್ಲಗೆ ತಟ್ಟಿದಳು.

“ಮಲಗಿಸೇನಿ. ಇನ್ನ ಏಳಂಗಿಲ್ಲ,” ಎಂದಳು.

ಸುನಂದಾ ಗಂಡನ ಮುಖ ನೋಡಿದಳು. ಉಸುಕು ಮುಚ್ಚಿದ ಬೆಂಕಿ ಎಲ್ಲಿಗೆ ಹೋದೀತು ಎಂದು ಅವನೂ ಅಂದುಕೊಂಡ. ಅದೂ ಅಲ್ಲದೆ ಅವ್ವನೊಂದಿಗೆ ವಾದಕ್ಕೆ ಬೀಳಲು ಅವನು ಇಷ್ಟು ದೂರ ಬಂದಿರಲಿಲ್ಲ.

ಇನ್ನು ಕೂಗು ಹಾಕುವುದೊಂದು ಉಳಿದಿತ್ತು. ನಾಗಲಿಂಗ ಬಂಡೆಯ ಅಂಚಿಗೆ ಬಂದು ಪಡುವಣಕ್ಕೆ ನೋಡಿದ. ಹಟ್ಟಿಯ ಮೇಲೆ ತೆಳ್ಳಗೆ ಮಂಜು ಕೂತಿತ್ತು. ಕುರಿಗಳ ಕೊರಳಗಂಟೆಯ ಸದ್ದು ಬಂದೂ ಬಾರದ ಹಾಗಿತ್ತು. ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಆ ಮೌನದೊಳಗೆ ಕೂಗುವುದೆಂದರೆ ತಿಳಿಯಾದ ಬಾವಿಗೆ ಕಲ್ಲು ಎಸೆದ ಹಾಗೆ ಎನ್ನಿಸಿತು. ಸುಮ್ಮನೆ ಆ ಮುದುಕಿಗೆ ಯಾಕೆ ತ್ರಾಸು ಎಂದು ತನಗೆ ತಾನೇ ಹೇಳಿಕೊಂಡು ಜೀಪು ಹತ್ತಿದ. ತುಂಬಿದ ಕ್ಯಾನನ್ನು ಮೊದಲೇ ಹಿಂದೆ ಇಟ್ಟಾಗಿತ್ತು.

ಅಮೀನಗಡದಲ್ಲಿ ಚಹಾ ಕುಡಿಯಲು ಇಳಿದಾಗ ಗುರುಲಿಂಗವ್ವ ಎದೆ ಮುಟ್ಟಿಕೊಂಡು ನಿಂತುಬಿಟ್ಟಳು. ಹಂಚು ಬಂದಿರಲಿಲ್ಲ. ಆರಲೆಂದು ಬಂಡೆಯ ಮೇಲಿಟ್ಟದ್ದು ಅಲ್ಲೇ ಉಳಿದಿತ್ತು. ಅವಳು ಮದುವೆಯಾಗಿ ಬಂದ ವರ್ಷದ ಹಂಚು ಅದು. ಹೊಸದು ಕೊಡಿಸುತ್ತೇನೆ ಎಂದು ನಾಗಲಿಂಗ ಬಾಯಿ ಬಿಡುವ ಮೊದಲೇ ಸುನಂದಾ ತಿರುಗಿ ಹೋಗೋಣ ಎಂದು ಜೀಪಿನಲ್ಲಿ ಕೂತಿದ್ದಳು.

ಅವರು ಗುಡ್ಡ ಬಿಟ್ಟು ಎರಡು ತಾಸು ಆಗಿತ್ತು. ಬಿಸಿಲು ಏರಿತ್ತು. ಅದರ ಜೊತೆ ಮೂಡಗಾಳಿಯೂ ಎದ್ದಿತ್ತು. ಮತ್ತೆ ಬಂಡಿ ಜಾಡಿಗೆ ಇಳಿದಾಗ ಸುನಂದಾ ಮುಂದಕ್ಕೆ ಬಾಗಿದಳು.

“ಅಲ್ನೋಡ್ರಿ. ಅದು ಮಂಜಲ್ಲ.”

ಬೆಂಕಿಗೆ ಸದ್ದಿರುತ್ತದೆ ಎಂದು ನಾಗಲಿಂಗನಿಗೆ ಗೊತ್ತಾದದ್ದು ಆಗ. ಹಗಲಿನ ಬೆಳಕಿನಲ್ಲಿ ಉರಿ ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಹುಲ್ಲಿನ ಮೇಲೆ ಗಾಳಿ ನಡುಗಿದ ಹಾಗೆ ಕಾಣುತ್ತಿತ್ತು, ಅಷ್ಟೆ. ಆದರೆ ಚಟಪಟ ಎನ್ನುವ ಸದ್ದು ಇಳಿಜಾರಿನ ಉದ್ದಕ್ಕೂ ಹಬ್ಬಿ ಪಡುವಣಕ್ಕೆ, ಹಟ್ಟಿಯ ಕಡೆಗೆ ಸರಿಯುತ್ತಿತ್ತು. ಹಾಸುಬಂಡೆಯ ಅಂಚಿನಿಂದ ಬೀಸಣಿಗೆ ಬಿಚ್ಚಿದಂತೆ ನೆಲ ಕಪ್ಪಾಗಿತ್ತು.

ಸಾವಿತ್ರೆವ್ವ ಒಬ್ಬಳೇ ಇದ್ದಳು. ಕಂಕುಳಲ್ಲಿ ಒಂದು, ಕೈಯಲ್ಲಿ ಒಂದು ಮರಿ ಹಿಡಿದು ಹಟ್ಟಿಯಿಂದ ಹುಲ್ಲಿಲ್ಲದ ಬರಿ ಬಂಡೆಗೆ ಓಡಿ, ಬಿಟ್ಟು, ಮತ್ತೆ ತಿರುಗಿ ಓಡುತ್ತಿದ್ದಳು. ಜೀಪು ನಿಂತೂ ನಿಲ್ಲದೆ ಗುರುಲಿಂಗವ್ವ ಇಳಿದಳು. ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಸೆರಗು ಸೊಂಟಕ್ಕೆ ಬಿಗಿದು ಉಡಿ ಮಾಡಿಕೊಂಡು, ಮರಿಗಳನ್ನು ಮೂರು ಮೂರು ತುಂಬಿಕೊಂಡು ನಡೆದಳು. ನೋಯುವ ಮೊಣಕಾಲು ಆ ಹೊತ್ತಿಗೆ ಅವಳದಾಗಿರಲಿಲ್ಲ.

“ನಮ್ಮವರು ದಿಬ್ಬದ ಆಚಿ ಅದಾರ,” ಎಂದು ಸಾವಿತ್ರೆವ್ವ ಏದುಸಿರಿನಲ್ಲಿ ನಾಗಲಿಂಗನಿಗೆ ಹೇಳಿದಳು. “ನನ್ನ ಧ್ವನಿ ಮುಟ್ಟವಲ್ದು. ನೀ ಕೂಗು, ತಮ್ಮಾ.”

ನಾಗಲಿಂಗ ಕೂಗಿದ. ಹತ್ತು ವರ್ಷದಿಂದ ಧ್ವನಿ ಏರಿಸದವನು ಎದೆ ಬಿರಿಯುವ ಹಾಗೆ ಅಮಸಿದ್ದಪ್ಪ ಎಂದು ಕೂಗಿದ. ಕೆಂಪು ಬಂಡೆಗಳು ಆ ಹೆಸರನ್ನು ಹಿಡಿದು ಒಂದರಿಂದ ಒಂದಕ್ಕೆ ದಾಟಿಸಿದವು. ಮತ್ತೆ ಕೂಗಿದ, ಮತ್ತೆ ಮತ್ತೆ. ದಿಬ್ಬದ ನೆತ್ತಿಯ ಮೇಲೆ ಒಂದು ರುಮಾಲು ಕಂಡಿತು. ಕೆಳಗಿನ ಹೊಲದಿಂದಲೂ ಮೂವರು ಓಡಿ ಬಂದರು.

ಕ್ಯಾನಿನ ನೀರನ್ನು ಸುನಂದಾ ಕಂಬಳಿಗೆ, ಹಾಸಿಗೆಗೆ, ಗೋಣಿಚೀಲಕ್ಕೆ ಸುರಿದಳು. ಅಮಸಿದ್ದಪ್ಪ ಹಸಿ ಗಿಡದ ಟೊಂಗೆ ಮುರಿದು ಎಲ್ಲರ ಕೈಗೂ ಕೊಟ್ಟ. ಉರಿಯ ಎದುರಿಗೆ ನಿಲ್ಲಬೇಡಿ, ಸುಟ್ಟ ಬದಿಯಿಂದ ಬನ್ನಿ, ಎರಡೂ ಪಕ್ಕದಿಂದ ಬಡಿಯಿರಿ ಎಂದು ಕೂಗಿ ಹೇಳಿದ. ಬಡಿದರು. ಹುಬ್ಬು ಸುಟ್ಟಿತು, ಕಣ್ಣು ಉರಿದವು, ಗಂಟಲು ಒಣಗಿತು. ಹಟ್ಟಿಗೆ ನಲವತ್ತು ಹೆಜ್ಜೆ ಇರುವಾಗ ಒಂದು ಕಲ್ಲಿನ ಪಟ್ಟಿ ಅಡ್ಡ ಬಂತು. ಉರಿ ಅಲ್ಲಿ ಸಣ್ಣದಾಯಿತು. ಅಲ್ಲೇ ಅದನ್ನು ಬಡಿದು ಮುಗಿಸಿದರು.

ಮರಿಗಳು ಹದಿನೆಂಟೂ ಉಳಿದವು. ಇಳಿಜಾರಿನ ಮೂರರಲ್ಲಿ ಒಂದು ಪಾಲು ಹುಲ್ಲು ಉಳಿಯಲಿಲ್ಲ.

ಎಲ್ಲರೂ ಬಂಡೆಯ ಮೇಲೆ ಕೂತರು. ಸಾವಿತ್ರೆವ್ವ ಕಪ್ಪು ನೆಲವನ್ನು ಸುಮ್ಮನೆ ನೋಡುತ್ತಿದ್ದಳು. ಅವಳು ಬಯ್ಯಲಿಲ್ಲ. ಅವಳ ಆ ಮೌನ ನಾಗಲಿಂಗ ಹುಡುಕಿಕೊಂಡು ಬರುತ್ತಿದ್ದಂಥ ಮೌನವಾಗಿರಲಿಲ್ಲ. ಅದನ್ನು ತಾಳಲಾರದೆ ಅವನೇ ಮಾತಾಡಿದ.

“ಯಾರೋ ಬೀಡಿ ಒಗದಿರಬೇಕು,” ಎಂದ.

ಅಮಸಿದ್ದಪ್ಪ ಮುಖದ ಮಸಿ ಒರೆಸಿಕೊಳ್ಳುತ್ತ ಅವನನ್ನೇ ನೋಡಿದ. “ನಾ ಸೇದಂಗಿಲ್ರಿ. ಇಕಿನೂ ಸೇದಂಗಿಲ್ಲ. ಇನ್ನ ಕುರಿಗೋಳನ್ನ ಒಂದ ಮಾತ ಕೇಳಬೇಕು.”

ಹೊಲದಿಂದ ಬಂದವರು ತಲೆ ತಗ್ಗಿಸಿ ನಕ್ಕರು. ನಾಗಲಿಂಗ ಬಿಡಲಿಲ್ಲ. ಒಲೆ ಮುಚ್ಚಿ ಹೋಗಿದ್ದೆವು, ಮೇಲೆ ಉಸುಕು ಹಾಕಿದ್ದೆವು, ಇದು ನಮ್ಮಿಂದಲೇ ಆದದ್ದೆಂದು ಹೇಳಲು ಆಗುವುದಿಲ್ಲ ಎಂದ. ಸುನಂದಾ ಅವನ ಮಾತನ್ನು ಅಲ್ಲಿಗೇ ತಡೆದಳು.

“ಇಲ್ಲಿಯೂ ಕೋರ್ಟ ಹೂಡಬ್ಯಾಡ್ರಿ. ಎದ್ದು ಬಂದು ಒಲಿ ನೋಡ್ರಿ.”

ಎಲ್ಲರಿಗಿಂತ ಮೊದಲು ಎದ್ದವಳು ಗುರುಲಿಂಗವ್ವ. ಬಂಡೆಯ ಮೇಲೆ ಉಳಿದಿದ್ದ ಹಂಚಿನ ಕಡೆ ತಿರುಗಿಯೂ ನೋಡದೆ ಒಲೆಗೆ ಬಂದಳು. ಮೂರು ಕಲ್ಲುಗಳ ನಡುವೆ ಬೂದಿ ಇರಲಿಲ್ಲ. ಗಾಳಿ ಅದನ್ನು ಊದಿಕೊಂಡು ಹೋಗಿತ್ತು. ಉಸುಕು ಕುಸಿದು ಒಂದು ಬದಿಗೆ ಬಿದ್ದಿತ್ತು. ಕಲ್ಲಿನ ಆಚೆ, ಹುಲ್ಲು ಶುರುವಾಗುತ್ತಿದ್ದ ಕಡೆಯಿಂದಲೇ ಕಪ್ಪು ಬೀಸಣಿಗೆಯ ಹಿಡಿ ಶುರುವಾಗಿತ್ತು. ನಡುವೆ ಒಂದು ಕುಳ್ಳು ಬೂದಿಬಣ್ಣಕ್ಕೆ ತಿರುಗಿ, ಸತ್ತ ಹಾಗೆ ಬಿದ್ದಿತ್ತು. ಗುರುಲಿಂಗವ್ವ ಒಂದು ಕಡ್ಡಿ ತೆಗೆದುಕೊಂಡು ಅದನ್ನು ಮುರಿದಳು. ಒಳಗೆ ದಾಳಿಂಬೆಯ ಕಾಳಿನಂತೆ ಕೆಂಪಗಿತ್ತು.

ಅವಳು ಕಡ್ಡಿ ಹಿಡಿದೇ ಮಗನ ಕಡೆ ತಿರುಗಿದಳು.

“ಇದು ಯಾರ ಬೀಡಿನೂ ಅಲ್ಲ, ತಮ್ಮಾ,” ಎಂದಳು. “ಇದು ನನ್ನ ಒಲಿ.”

ಮಾತು ಹೇಳಿದ್ದಾಯಿತು. ಆದರೂ ನೀರು ತಾ ಎಂದು ಸೊಸೆಗೆ ಹೇಳಲು ಅವಳ ನಾಲಿಗೆ ಏಳಲಿಲ್ಲ. ಐವತ್ತು ವರ್ಷದ ರೂಢಿ ಅದು. ಒಂದು ಕೈ ಸೆರಗಿನ ಅಂಚನ್ನು ಸುತ್ತಿ ಬಿಚ್ಚುತ್ತಿತ್ತು. ಸಾವಿತ್ರೆವ್ವ ಅದನ್ನು ನೋಡಿದಳು. ಬಂದು ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಈ ನೆಲ ಸುಟ್ಟವರ ಮೇಲೆ ಅವಳಿಗೆ ಸಿಟ್ಟು ಬರಬೇಕಿತ್ತು, ಬಂದೂ ಇತ್ತೇನೋ. ಆದರೆ ಮೆಲ್ಲಗೇ ಮಾತಾಡಿದಳು.

“ಯಕ್ಕಾ, ಮನ್ಯಾಗಿನ ಒಲಿಗೆ ನೀರ ಹಾಕಬ್ಯಾಡ. ನಾನೂ ಹಾಕಂಗಿಲ್ಲ. ಅದನ್ನ ಮುಂಜಾನಿ ಎಬ್ಬಸಾಕ ನೀನ ಇರತಿ. ಇಲ್ಲಿ ಮಲಗಿಸಿ ಹ್ವಾದ್ರ ಯಾರ ಎಬ್ಬಸ್ತಾರ? ನೀ ಇರಂಗಿಲ್ಲ. ಗಾಳಿ ಎಬ್ಬಸ್ತೈತಿ.”

ಗುರುಲಿಂಗವ್ವ ಕಡ್ಡಿಯನ್ನು ಕೆಳಗಿಟ್ಟಳು.

“ಬೆಂಕಿನ ಬೈದು ನೀರ ಸುರೀಬ್ಯಾಡ. ನಾವು ಕುರಿ ಹಿಂದ ತಿರಗೋವ್ರು ಹಿಂಗ ಮಾಡತೇವಿ, ನೋಡು.”

ಅವಳು ಹಟ್ಟಿಯಿಂದ ತಂಬಿಗೆಯ ತಳದಲ್ಲಿ ಒಂದಿಷ್ಟು ಕುರಿಹಾಲು ತರಿಸಿದಳು. ಒಲೆಗೆ ಕೈಮುಗಿದು ಮೂರು ಹನಿ ಹಾಲು ಬಿಟ್ಟಳು. ನಮ್ಮ ಹೊಟ್ಟೆ ತುಂಬಿತು, ಇನ್ನು ನೀನೂ ತಣ್ಣಗಾಗು ಎಂದಳು. ಆಮೇಲೆ ಕೋಲಿನಿಂದ ಕುಳ್ಳುಗಳನ್ನು ಒಂದೊಂದಾಗಿ ಬಿಡಿಸಿ ಒಡೆದಳು. ಒಟ್ಟಿದ್ದರೆ ಒಂದಕ್ಕೊಂದು ಕಾವು ಕೊಟ್ಟುಕೊಳ್ಳುತ್ತವೆ, ಅದಕ್ಕೇ ಬಿಡಿಸಬೇಕು ಎಂದು ಹೇಳಿದಳು. ಕ್ಯಾನಿನಲ್ಲಿ ತಳಕ್ಕೆ ಉಳಿದಿದ್ದ ನೀರನ್ನು ಗುರುಲಿಂಗವ್ವನ ಕೈಗೆ ಕೊಟ್ಟಳು.

ಗುರುಲಿಂಗವ್ವ ಸುರಿದಳು. ಬುಸ್ಸೆಂದು ಹಬೆ ಎದ್ದು ಅವಳ ಮುಖದ ಮೇಲೆ ಹಾದುಹೋಯಿತು. ಸಾವಿತ್ರೆವ್ವ ಕಲಸಿದಳು. ಕೆಳಗಿನ ಬೂದಿ ಮೇಲೆ ಬಂತು, ಅದರಲ್ಲಿ ಇನ್ನೂ ಎರಡು ಕಿಡಿ ಇದ್ದವು. ಮತ್ತೆ ಸುರಿದಳು, ಮತ್ತೆ ಕಲಸಿದರು. ರೊಟ್ಟಿಯ ಹಿಟ್ಟಿನ ಹದಕ್ಕೆ ಬಂದ ಮೇಲೆ ಸಾವಿತ್ರೆವ್ವ ಮುಂಗೈಯನ್ನು ಹತ್ತಿರ ಹಿಡಿದು ನೋಡಿ, ಆಮೇಲೆ ಅಂಗೈಯನ್ನು ಬೂದಿಯೊಳಗೆ ಇಳಿಸಿದಳು. ಗುರುಲಿಂಗವ್ವನ ಕೈಯನ್ನೂ ಹಿಡಿದು ಪಕ್ಕದಲ್ಲಿ ಇಳಿಸಿದಳು. ಎರಡು ಮುದಿ ಕೈಗಳು ಕಪ್ಪು ಕೆಸರಿನೊಳಗೆ ಸ್ವಲ್ಪ ಹೊತ್ತು ಹಾಗೇ ಇದ್ದವು.

“ಈಗ ಆರೇತಿ,” ಎಂದಳು ಗುರುಲಿಂಗವ್ವ.

ನಾಗಲಿಂಗ ಅಮಸಿದ್ದಪ್ಪನ ಹತ್ತಿರ ಹೋಗಿ, ನೀರು ಹಾಕಬೇಡ ಎಂದವಳು ಅವ್ವ ಇರಬಹುದು, ಆದರೆ ಕೂಗು ಹಾಕದೆ ಹೋದವನು ನಾನು ಎಂದು ಒಪ್ಪಿಕೊಂಡ. ಸುಟ್ಟ ಹುಲ್ಲು ಎಷ್ಟು ದಿನದ ಮೇವು ಎಂದು ಕೇಳಿದ. ತಿಂಗಳ ಮೇಲಿನದು ಎಂದು ಅಮಸಿದ್ದಪ್ಪ ಹೇಳಿದ. ಹೇಳಿ, ಇನ್ನೇನು ಮಾಡುವುದು ಎಂಬಂತೆ ಕುರಿಗಳ ಕಡೆ ತಿರುಗಿದ.

ಮುಂದಿನ ಭಾನುವಾರ ಮರೋಳದ ಮಾವನ ಹೊಲದಿಂದ ನಾಗಲಿಂಗ ಜೀಪಿನ ತುಂಬ, ಹಿಂದೆ ಕಟ್ಟಿದ ಟ್ರೇಲರಿನ ತುಂಬ ಮೇವಿಗೆಂದು ಜೋಳದ ಕಣಿಕೆ ಹೇರಿಕೊಂಡು ಬಂದ. ಅದರ ಮುಂದಿನ ಭಾನುವಾರವೂ ಬಂದ. ಮೊದಲ ಸಲ ಸಾವಿತ್ರೆವ್ವ ದೂರದಿಂದಲೇ ಇಳಿಸು ಎಂದು ಕೈ ತೋರಿದಳು. ಎರಡನೆಯ ಸಲ ಕೂರು ಎಂದಳು. ಮೂರನೆಯ ಸಲ ಚಹಾ ಕೊಟ್ಟು, ಕೋರ್ಟಿನಲ್ಲಿ ಸುಳ್ಳು ಹೇಳುವವರ ಮುಖ ಹೇಗಿರುತ್ತದೆ ಎಂದು ವಿಚಾರಿಸಿದಳು. ತಾನು ಅಂದು ಬೀಡಿಯ ಮಾತು ಎತ್ತಿದಾಗ ಇದ್ದ ಹಾಗೆಯೇ ಎಂದು ಅವನು ಹೇಳಿದ. ಮಿರಗದ ಮಳೆ ಬರುವವರೆಗೆ ಅವನು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

ಗುರುಲಿಂಗವ್ವ ಹುನಗುಂದಕ್ಕೆ ಬಂದ ಮೇಲೆ ಸುಮ್ಮನೆ ಕೂರಲಿಲ್ಲ. ಹೆಂಗಸರು ಸೇರುವ ಅಕ್ಕನ ಬಳಗದಲ್ಲಿ ವಚನ ಹೇಳಿ ಮುಗಿದ ಮೇಲೆ ಎದ್ದು ನಿಂತು, ನನ್ನ ಕೈಯಿಂದ ಒಂದು ಗುಡ್ಡ ಸುಟ್ಟಿತು ಎಂದು ಶುರುಮಾಡಿದಳು. ಒಲೆಗೆ ನೀರು ಹಾಕುವುದೇ ಎಂದು ಒಬ್ಬಳು ಮುಖ ಗಂಟಿಕ್ಕಿದಳು. ಗುರುಲಿಂಗವ್ವ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಮಲಗಿಸುವುದು ಬೇರೆ, ಆರಿಸುವುದು ಬೇರೆ ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಈ ಕಥೆ ನಮ್ಮವರೆಗೆ ಬಂದದ್ದು ಹಾಗೆ.

ಇದನ್ನು ಓದುತ್ತಿರುವವರೇ, ಕೂತು ಕೇಳುತ್ತಿರುವವರೇ, ಬಯಲಿನಲ್ಲಿ ಮಲಗಬೇಕೆಂಬ ಆಸೆ ನಿಮಗೂ ಇರಬಹುದು. ಇರಲಿ. ಅದು ಒಳ್ಳೆಯ ಆಸೆ. ನಕ್ಷತ್ರಗಳ ಕೆಳಗೆ ಒಂದು ರಾತ್ರಿ ಕಳೆದವರು ಬೆಳಿಗ್ಗೆ ಸ್ವಲ್ಪ ಹಗುರಾಗಿ ಏಳುತ್ತಾರೆ. ಹೋಗಿ ಬನ್ನಿ. ಆದರೆ ಆ ನೆಲದ ಮೇಲೆ ಯಾರ ಬದುಕು ನಡೆಯುತ್ತಿದೆ ಎಂದು ಮೊದಲು ಕೇಳಿ. ಕುರಿಯವರಿರಲಿ, ಹೊಲದವರಿರಲಿ, ಬಂದೆವು ಎಂದು ಒಂದು ಮಾತು, ಹೊರಟೆವು ಎಂದು ಒಂದು ಮಾತು ಹೇಳಿ. ಅರಣ್ಯವಾಗಿದ್ದರೆ ಇಲಾಖೆಯ ಒಪ್ಪಿಗೆಯಿಲ್ಲದೆ ಒಳಗೆ ಹೋಗಬೇಡಿ. ಎಲ್ಲಿ ತಂಗುತ್ತೀರಿ, ಯಾವಾಗ ತಿರುಗಿ ಬರುತ್ತೀರಿ ಎಂದು ಮನೆಯಲ್ಲಿ ಹೇಳಿಟ್ಟು ಹೊರಡಿ. ಒಣಗಿದ ಹಳ್ಳದ ಉಸುಕು ಮೆತ್ತಗಿದೆಯೆಂದು ಅದರಲ್ಲಿ ಮಲಗಬೇಡಿ, ಮೇಲೆಲ್ಲೋ ಬಿದ್ದ ಮಳೆ ಅಲ್ಲಿಗೆ ಹೇಳದೆ ಬರುತ್ತದೆ.

ಗಾಳಿಯ ದಿನ ಒಲೆಯೇ ಬೇಡ, ಬುತ್ತಿ ಕಟ್ಟಿಕೊಂಡು ಹೋಗಿ. ಹಚ್ಚಲೇಬೇಕಾದರೆ ಬರಿ ನೆಲ ಹುಡುಕಿ, ಸುತ್ತ ಐದಾರು ಹೆಜ್ಜೆಯೊಳಗೆ ಒಂದು ಒಣ ಎಳೆಯೂ ಇರದ ಹಾಗೆ ನೋಡಿಕೊಳ್ಳಿ. ಬಂಡೆಗಳ ಮರೆಯಲ್ಲಿ ಹಳೆಯ ಕಾಲದವರು ಬರೆದ ಚಿತ್ರಗಳಿದ್ದರೆ ಅವುಗಳ ಹತ್ತಿರ ಹೊಗೆ ಬೇಡವೇ ಬೇಡ. ಕುಡಿಯುವ ನೀರಿನ ಜೊತೆ 'ಬೆಂಕಿಯ ಪಾಲು' ಎಂದು ಒಂದು ಕ್ಯಾನು ಬೇರೆ ಇಟ್ಟುಕೊಳ್ಳಿ, ಅದನ್ನು ತುಂಬಿದ್ದು ತುಂಬಿದ ಹಾಗೇ ಮನೆಗೆ ತರಬೇಡಿ. ಮನೆಗೆ ತರಬೇಕಾದದ್ದು ಕಾಗದ, ಪ್ಲಾಸ್ಟಿಕ್ಕು, ಬಾಟಲಿ. ಎಲ್ಲಿಯಾದರೂ ಹೊಗೆ ಕಂಡರೆ 112ಕ್ಕೆ ಕರೆ ಮಾಡಿ, ಹತ್ತಿರದವರನ್ನು ಕೂಗಿ. ಮೌನ ಒಡೆದೀತು ಎಂದು ನಾಚಬೇಡಿ.

ಹೊರಡುವ ಮುಂಚೆ ಕೆಂಡ ಬಿಡಿಸಿ, ನೀರು ಹಾಕಿ, ಕಲಸಿ, ಮತ್ತೆ ಹಾಕಿ. ಮಣ್ಣು ಮುಚ್ಚಿದರೆ ಬೆಂಕಿ ಸಾಯುವುದಿಲ್ಲ, ನಿಮ್ಮ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಮೊದಲು ಮುಂಗೈಯನ್ನು ಹತ್ತಿರ ಹಿಡಿಯಿರಿ. ಕಾವಿಲ್ಲ ಎಂದು ಗೊತ್ತಾದ ಮೇಲೆ ಬೂದಿಯನ್ನು ಮುಟ್ಟಿ. ಬೆಚ್ಚಗಿದ್ದರೆ ಇನ್ನೊಂದು ತಂಬಿಗೆ ಸುರಿದು, ಇನ್ನಷ್ಟು ಹೊತ್ತು ಕೂತಿರಿ. ಹೇಗೂ ಕೂರಲೆಂದೇ ಅಲ್ಲಿಗೆ ಬಂದವರು ನೀವು. ಬೆಳಗಿನ ಬಂಡೆಯಷ್ಟು ತಣ್ಣಗಾದಾಗ ಎದ್ದು ಇಳಿದು ಹೋಗಿ. ನೀವು ಬಂದಿದ್ದಿರಿ ಎಂಬುದನ್ನೇ ಗುಡ್ಡ ಮರೆತುಬಿಡಲಿ.